ಮೈಕಿನಲ್ಲಿ ನಿಜ ಹೇಳಬೇಕು

ಜೂನ್ 3, ಸೋಮವಾರ, ಬೆಳಿಗ್ಗೆ 10

ರೇಡಿಯೇಶನ್ ಯಂತ್ರವನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲವನು ಈ ದೇಶದಲ್ಲಿ ನಾನೊಬ್ಬನೇ. ಆಸ್ಪತ್ರೆಯವರಿಗೆ ಇನ್ನೂ ಹೇಳಿಲ್ಲ.

ಇವತ್ತೂ ಅಕ್ಕನ ಮಗಳನ್ನು ಕರೆತಂದೆ. ಏಳು ವರ್ಷ. ತಲೆಯೊಳಗಿನ ಗಡ್ಡೆ ಆಪರೇಶನ್ ಮಾಡಿ ತೆಗೆದಾಗಿದೆ. ಕಣ್ಣಿಗೆ ಕಾಣದ್ದೇನಾದರೂ ಉಳಿದಿದ್ದರೆ ಅಂತ ದಿನಾ ರೇಡಿಯೇಶನ್, ವಾರಕ್ಕೊಂದು ಕೀಮೋ ಇಂಜೆಕ್ಷನ್. ಅವಳ ಮುಖದ ಅಚ್ಚಿಗೇ ಮಾಡಿದ ಜಾಲರಿ ಮುಖವಾಡ ಹಾಕಿ ಮಂಚಕ್ಕೆ ಬಿಗಿಯುತ್ತಾರೆ. ಅಲ್ಲಾಡಿದರೆ ದಿನಾ ಪ್ರಜ್ಞೆ ತಪ್ಪಿಸಬೇಕಂತೆ.

ಗೋಡೆಯಷ್ಟು ದಪ್ಪ ಬಾಗಿಲು. ಮೀಸೆ ಹೊತ್ತವರೆಲ್ಲ ಹೊರಗೆ, ಅವಳೊಬ್ಬಳು ಒಳಗೆ. ಬೆಂಕಿಯಿಲ್ಲ, ಹೊಗೆಯಿಲ್ಲ. ಯಂತ್ರ ಸುಮ್ಮನೆ ಸುತ್ತುತ್ತದೆ…

ಜೂನ್ 4

ಭಯ ಅಂದಳು. ಟೆಕ್ನೀಶಿಯನ್ ಮೇಡಂ ಒಳಗೆ ಕೇಳಿಸುವ ಮೈಕನ್ನು ನನ್ನ ಕೈಗೆ ಕೊಟ್ಟರು. ಕುರಿ ವ್ಯಾಪಾರದಲ್ಲಿ ಮೂರು ಲಕ್ಷ ಕಳೆದೂ ಮೀಸೆ ತಿರುವಿದ ಕಥೆ ಶುರು ಮಾಡಿದೆ. ಕಥೆಯ ತೋಳ ನನಗೆ ಸಲಾಮು ಹೊಡೆಯುವಾಗ, ಒಳಗಿನದನ್ನು ತೋರಿಸುವ ಟಿವಿಯಲ್ಲಿ ಅವಳ ಹೊಟ್ಟೆ ನಗುವಿಗೆ ಕುಲುಕಿತು. ಯಂತ್ರ ನಿಲ್ಲಿಸಿದರು.

"ಏನ್ರೀ ನೀವು! ಚೂರು ಸರಿದ್ರೂ ಕಿರಣ ಬೀಳಬಾರದ ಕಡೆ ಬೀಳುತ್ತೆ."

"ನಗಿಸೋದೂ ತಪ್ಪಾ ಮೇಡಂ?"

"ಇಲ್ಲಿ ತಪ್ಪು. ನಿಜ ಹೇಳಿ, ಯಾರೂ ನಗಲ್ಲ."

ನಿಜ! ಎಲ್ಲಿಂದ ತರಲಿ?

ಜೂನ್ 5

ಹಾಲು ಕಾಯಿಸುವುದು ಹೇಗೆ ಅಂತ ಹೇಳಿದೆ. ಬೆವರಿಳಿಯಿತು. ಅವಳು ಕಲ್ಲಿನ ಹಾಗೆ ಮಲಗಿದ್ದಳು. ಹೊರಬಂದವಳೇ — "ಮಾವಾ, ಎಷ್ಟು ಬೋರು ನೀನು!"

ಜೂನ್ 24

ಬರೆಯಲು ಕೈ ಏಳಲಿಲ್ಲ. ಕೀಮೋ, ರೇಡಿಯೇಶನ್ ಎರಡೂ ಸೇರಿ ರಕ್ತದ ಕಣಗಳು ಇಳಿದು ಒಂದು ವಾರ ನಿಲ್ಲಿಸಿದ್ದರು. ಅಕ್ಕ ಅನ್ನ ಬಿಟ್ಟಿದ್ದಳು. ಇವತ್ತು ಮತ್ತೆ ಶುರು. ಬಾಯಲ್ಲಿ ಹುಣ್ಣು, ತಲೆ ನುಣ್ಣಗೆ. ಮುಖವಾಡವನ್ನು ತಾನೇ ಎತ್ತಿ ಕೊಟ್ಟಳು.

ಡಾಕ್ಟರನ್ನು ಕೇಳಿದೆ — "ಕೆಟ್ಟದ್ದನ್ನೇ ಹುಡುಕಿ ಸುಡೋದು ಹ್ಯಾಗೆ ಸಾರ್?"

"ಒಳ್ಳೇದಕ್ಕೂ ಪೆಟ್ಟು ಬೀಳುತ್ತೆ ಕಣ್ರೀ. ಆದ್ರೆ ಒಳ್ಳೇದು ಮಾರನೇ ದಿನದ ಹೊತ್ತಿಗೆ ತನ್ನನ್ನ ತಾನೇ ರಿಪೇರಿ ಮಾಡ್ಕೊಳ್ಳುತ್ತೆ. ಕೆಟ್ಟದ್ದಕ್ಕೆ ಅಷ್ಟು ಬರಲ್ಲ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ."

ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಬೋಳುತಲೆ ನೋಡುತ್ತ ಕೂತೆ. ಒಳಗೆ ರಿಪೇರಿ ನಡೆದಿದೆ. ಸದ್ದೇ ಇಲ್ಲ. ನನ್ನ ಬಾಯಿಗೂ ಬಡಾಯಿ ಬರಲಿಲ್ಲ.

ಜುಲೈ 17

ಕೊನೆಯ ಸುತ್ತು. ಮುಖವಾಡ ಬಿಗಿಯುವ ಮೊದಲು ಕರೆದಳು.

"ಕುರಿ ಕಥೆ ಹೇಳು ಮಾವಾ. ನಿಜದ್ದು. ಎಷ್ಟು ಕಳೆದೆ?"

"ನಕ್ಕುಬಿಡ್ತೀಯ."

"ಅಲ್ಲಾಡಲ್ಲ. ನಿನ್ನಾಣೆ."

ಹೊರಗೆ ಬಂದೆ, ಪಕ್ಕದಲ್ಲೇ ಅಕ್ಕ. ಮೈಕ್ ಹಿಡಿದೆ. ಒಂದೇ ಕುರಿ. ನನ್ನಿಂದ ಮುಂಗಡ ಇಸಿದುಕೊಂಡವನು ಆ ಕುರಿಯ ಯಜಮಾನನೇ ಆಗಿರಲಿಲ್ಲ. ಮೊತ್ತವನ್ನೂ ಹೇಳಿದೆ. ಟಿವಿಯಲ್ಲಿ ಒಂದು ಬೆರಳೂ ಮಿಸುಕಲಿಲ್ಲ! ಯಂತ್ರ ಪೂರ್ತಿ ಸುತ್ತಿ ನಿಂತಿತು. ಆಮೇಲೆ, ಆ ಬಾಗಿಲು ತೆರೆಯುವ ಮೊದಲೇ, ಸ್ಪೀಕರಿನಲ್ಲಿ ಅವಳ ನಗು… ಮೇಡಂ ಕಣ್ಣೊರೆಸಿಕೊಂಡರು.

ಮೂರು ಲಕ್ಷವಲ್ಲ. ನಲವತ್ತು ರೂಪಾಯಿ. ಅದರಲ್ಲೂ ಹತ್ತು, ಅಕ್ಕನ ಕಾಸಿನ ಡಬ್ಬಿಯಿಂದ ಕದ್ದ—