ಹೆಣಕ್ಕೆ ಹೆಸರೇಕೆ ಎಂದು ಕೇಳಿದವರಿಗೆ

ವೈದ್ಯಕೀಯ ಕಾಲೇಜಿನ ದೇಹದಾನ ವಿಭಾಗದ ಮಾನ್ಯ ಮುಖ್ಯಸ್ಥರೇ,

ತಾವು ಕಳಿಸಿದ 'ದೇಹದಾನಿಗಳ ಅಭಿಪ್ರಾಯ ಸಮೀಕ್ಷೆ' ತಲುಪಿತು. ಸತ್ತ ಮೇಲೆ ಕೊಯ್ಯುವವರು ಬದುಕಿರುವಾಗಲೇ ನಮ್ಮ ಅಭಿಪ್ರಾಯ ಕೇಳಿದ್ದೀರಿ, ಸಂತೋಷ. ನನ್ನ ತಕರಾರು ಹನ್ನೆರಡನೇ ಪ್ರಶ್ನೆಯ ಬಗ್ಗೆ. 'ಮುಂದಿನ ವರ್ಷದಿಂದ ಶವಛೇದನ ಮೇಜಿನ ಮೇಲಿನ ದಾನಿಯ ಹೆಸರಿನ ಫಲಕ ತೆಗೆದು ಸಂಖ್ಯೆ ಹಾಕಲಾಗುವುದು. ದೇಹವನ್ನು ಆಜಾನ್ ಯೈ (ಹಿರಿಯ ಗುರು) ಎನ್ನದೆ ಬೋಧನಾ ಸಾಮಗ್ರಿ ಎನ್ನಲಾಗುವುದು. ತಮ್ಮ ಅಭಿಪ್ರಾಯ?' ಕೆಳಗೆ ಎರಡು ಚೌಕ: 'ಒಪ್ಪಿಗೆ', 'ಸಂಪೂರ್ಣ ಒಪ್ಪಿಗೆ'. ಮೂರನೆಯ ಚೌಕ ಅಚ್ಚಿನ ಮನೆಯಲ್ಲಿ ಬಿದ್ದುಹೋಗಿರಬೇಕು. ಆದ್ದರಿಂದ ದಿನಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಯಜಮಾನರು ತೊಂಗ್‌ಬೈ, ನಾನ್ ಎಂಬ ನದಿಯ ದಂಡೆಯ ನಮ್ಮೂರ ಶಾಲೆಯಲ್ಲಿ ಮೂವತ್ತೆಂಟು ವರ್ಷ ಜವಾನರಾಗಿದ್ದರು. ಗಂಟೆ ಹೊಡೆದರು, ಕಸ ಗುಡಿಸಿದರು, ಒಂಬತ್ತು ಹೆಡ್ಮಾಸ್ಟರುಗಳ ಕುರ್ಚಿ ಒರೆಸಿದರು. ನಮ್ಮಲ್ಲಿ ಹೆಡ್ಮಾಸ್ಟರಿಗೂ ಆಜಾನ್ ಯೈ, ನಿಮ್ಮ ವಿದ್ಯಾರ್ಥಿಗಳು ಕೊಯ್ದು ಕಲಿಯುವ ದೇಹಕ್ಕೂ ಆಜಾನ್ ಯೈ. ಇಬ್ಬರೂ ಹಿರಿಯ ಗುರುಗಳೇ. ದಾನಪತ್ರಕ್ಕೆ ಸಹಿ ಹಾಕಿ ಬಂದ ದಿನ ಇವರು ಅಂಗಳದಲ್ಲಿ ನಿಂತು "ನಾನೂ ಆಜಾನ್ ಯೈ ಆಗ್ತೀನಿ, ಕಾಗದ ಕೊಟ್ಟಿದ್ದಾರೆ" ಎಂದರು. ಪಕ್ಕದ ಮನೆಯ ಬುವಾ ಅರ್ಧ ಕೇಳಿಸಿಕೊಂಡು ಊರಿಗೆಲ್ಲ ಸಾರಿದಳು. ಸಂಜೆ ಬಾಳೆಎಲೆಯಲ್ಲಿ ಸುತ್ತಿದ ಅಂಟಕ್ಕಿ ಕಡುಬು ಹೊತ್ತು ತಂದಳು.

"ನಾಲ್ಕನೇ ಕ್ಲಾಸು ಓದಿದೋರನ್ನೂ ಹೆಡ್ಮಾಸ್ಟರ್ ಮಾಡ್ತಾರೇನಣ್ಣಾ?"

"ಮಾಡ್ತಾರಮ್ಮ. ಸಾಯ್ಬೇಕು, ಅಷ್ಟೆ."

ವಿಷಯ ತಿಳಿದು ಬುವಾ ಕೆನ್ನೆ ಬಡಿದುಕೊಂಡಳು. "ಥೂ, ನಿನ್ ಬಾಯಿಗಿಷ್ಟು! ನನ್ ಕಡುಬು ವಾಪಸ್ ಕೊಡು."

"ತಿಂದಾಯ್ತು. ಇನ್ಮೇಲೆ ಅದೂ ಕಾಲೇಜಿಗೇ ಸೇರಿದ್ದು."

ನಿಮ್ಮ ಮೂರನೇ ಪ್ರಶ್ನೆ ದಾನದ ಉದ್ದೇಶ ಕೇಳುತ್ತದೆ: ಪುಣ್ಯ, ವಿಜ್ಞಾನದ ಸೇವೆ, ವಾರಸುದಾರರಿಲ್ಲದಿರುವುದು. ದಾನಿಗಳ ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಹೇಳಿದ್ದೇ ಬೇರೆ: "ನನ್ ಹೊಟ್ಟೆನೋವು ಒಬ್ಬ ಡಾಕ್ಟರಿಗೂ ಗೊತ್ತಾಗಲಿಲ್ಲ. ಆಮೇಲಾದ್ರೂ ಬಿಚ್ಚಿ ನೋಡ್ಕೊಳ್ಲಿ." ಆಕೆ ಯಾವ ಚೌಕದಲ್ಲಿ ಗುರುತು ಹಾಕಬೇಕು? ನನ್ನ ಯಜಮಾನರ ಉದ್ದೇಶ ಇನ್ನೂ ಸಣ್ಣದು. ಒಂದು ಸಲವಾದರೂ ಯಾರಾದರೂ ತಮ್ಮನ್ನು ಗುರು ಎನ್ನಲಿ ಎಂಬ ಆಸೆ. ಒಂಬತ್ತು ಹೆಡ್ಮಾಸ್ಟರುಗಳೂ ಅವರನ್ನು ಕರೆಯುತ್ತಿದ್ದುದು "ಏಯ್, ಗಂಟೆ" ಎಂದೇ.

ಅವರು ತೀರಿಕೊಂಡು, ನಿಮ್ಮ ಮೇಜಿನ ಮೇಲೆ ಪಾಠ ಮುಗಿಸಿದ ಮೇಲೆ, ವಿದ್ಯಾರ್ಥಿಗಳೇ ಹೆಗಲು ಕೊಟ್ಟು ದೇವಾಲಯದ ಚಿತಾಗಾರಕ್ಕೆ ತಂದರು. ಬಿಳಿ ಕೋಟಿನ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದು ಮಂಡಿಯೂರಿದಳು.

"ಅಜ್ಜೀ, ಆಜಾನ್ ತೊಂಗ್‌ಬೈ ಏನ್ ಕೆಲಸ ಮಾಡ್ತಿದ್ರು? ಬಲಗಡೆ ಹೆಗಲು ಮಾತ್ರ ತುಂಬಾ ಸವೆದಿತ್ತು."

"ಗಂಟೆ ಹೊಡೀತಿದ್ರು ಕಣಮ್ಮ."

"ನಾವು ದಿನಾ ಬೆಳಿಗ್ಗೆ ಅವರ ಹೆಸರು ಹೇಳಿ, ಕೈ ಮುಗಿದೇ ಶುರು ಮಾಡ್ತಿದ್ವಿ. ಆ ಹೆಗಲು ಕೊಯ್ಯೋ ದಿನ ನಾನು ಕ್ಷಮೆ ಕೇಳ್ದೆ ಅಜ್ಜಿ."

ಮಾನ್ಯರೇ, ಅವರು ಸತ್ತ ದಿನ ನಾನು ಅಳಲಿಲ್ಲ. ಆ ಹುಡುಗಿಯ ಮುಂದೆ ಅತ್ತೆ. ಮೂವತ್ತೆಂಟು ವರ್ಷ ರಾತ್ರಿ ಆ ಹೆಗಲಿಗೆ ಎಣ್ಣೆ ತಿಕ್ಕಿದವಳು ನಾನು. ನನ್ನ ಬಿಟ್ಟರೆ ಅದರ ಬಗ್ಗೆ ಕೇಳಿದವಳು ಅವಳೊಬ್ಬಳೇ.

ಬೋಧನಾ ಸಾಮಗ್ರಿಗೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ? ಹದಿನೇಳನೇ ಸಂಖ್ಯೆಯ ಹೆಗಲು ಏಕೆ ಸವೆಯಿತೆಂದು ಅದರ ಹೆಂಡತಿಯನ್ನು ಹುಡುಕುತ್ತಾರೆಯೇ? ಹೆಸರು ತಿಳಿದರೆ ವಿದ್ಯಾರ್ಥಿಗಳ ಕೈ ನಡುಗುತ್ತದೆ ಎಂದು ಕಾರಣ ಕೊಟ್ಟಿದ್ದೀರಿ. ಮೊದಲ ದಿನ ಸ್ವಲ್ಪ ನಡುಗಲಿ ಬಿಡಿ, ನಮಗೇನೂ ಅವಸರವಿಲ್ಲ. ನಾಳೆ ಅವರು ಕೊಯ್ಯುವವರಿಗೆಲ್ಲ ಹೆಸರಿರುತ್ತದೆ.

ನನ್ನ ದಾನಪತ್ರವೂ ನಿಮ್ಮಲ್ಲೇ ಇದೆ. ದೇಹ ನಿಮ್ಮದಾಗುವುದು ಸತ್ತ ಮೇಲೆ. ಸಹಿ ಹಿಂದೆ ಪಡೆಯುವ ಹಕ್ಕು ಅಲ್ಲಿಯವರೆಗೆ ನನ್ನದು. ಫಲಕಗಳನ್ನು ತೆಗೆಯುವುದಿಲ್ಲ ಎಂದು ಬರೆದುಕೊಡಿ, ನಾನು ಬರುತ್ತೇನೆ. ಇಲ್ಲವಾದರೆ ನೇರವಾಗಿ ಚಿತಾಗಾರಕ್ಕೆ ಹೋಗುತ್ತೇನೆ. ಅಲ್ಲಿ ಹೆಸರು ಕೂಗಿಯೇ ಒಳಗೆ ಬಿಡುತ್ತಾರೆ. ನನ್ನ ಫಲಕದಲ್ಲಿ 'ಆಜಾನ್ ಸಮ್ಲಿ' ಎಂದಿರಲಿ. ಕಾಗುಣಿತ ಈಗಲೇ ನೋಡಿಕೊಳ್ಳಿ, ಆಮೇಲೆ ಎದ್ದು ತಿದ್ದಲು ನನ್ನಿಂದಾಗದು.

ಇಂತಿ,
ನೇಮಕಾತಿ ಪತ್ರ ಕೈಯಲ್ಲಿದ್ದೂ ಇನ್ನೂ ಕೆಲಸಕ್ಕೆ ಹಾಜರಾಗದ,
ಸಮ್ಲಿ
(ಆಜಾನ್ ತೊಂಗ್‌ಬೈ ಅವರ ಹೆಂಡತಿ)