ನಮ್ಮ ಅಡ್ಡಹೆಸರಿನ ಬೀದಿ

ಅಜ್ಜಾ, ಕ್ಷೇಮವಾಗಿ ತಲುಪಿದೆ.

ಈ ಅಡ್ಡಹೆಸರು ನಮ್ಮ ಮನೆಯವರಿಗೆ ಬಿಟ್ಟರೆ ಇನ್ಯಾರಿಗೂ ಇಲ್ಲ ಅಂತಿದ್ದೆಯಲ್ಲ, ಇಲ್ಲೊಂದು ಬೀದಿಗೇ ಇದೆ! ಬೇಕರಿ, ಬೀಗದ ಅಂಗಡಿ, ಎಲ್ಲದರ ಬೋರ್ಡಿನಲ್ಲೂ ಅದೇ.

"ಅದು ನಮ್ಮ ಹೆಸರಲ್ಲಮ್ಮ. ಮೂಲೆಯ ದರ್ಜಿ ಮೊದಲು ಬಂದರು, ಬೀದಿಗೆ ಅವರ ಹೆಸರೇ ನಿಂತುಬಿಡ್ತು" ಅಂದ ಬೀಗದವನು.

ಸುಮ್ಮನಿರಲಾಗದೆ ಹೋಗಿ ನೋಡಿದೆ. ಮುದುಕರೊಬ್ಬರು ಕೋಟಿಗೆ ಗುಂಡಿ ಹಾಕುತ್ತಿದ್ದರು. ನಾಲ್ಕಕ್ಕೆ ಕಪ್ಪು ದಾರ, ಕೊನೆಯದಕ್ಕೆ ಮಾತ್ರ ಕೆಂಪು, ಥೇಟ್ ನೀನು ಹೊಲಿಯುವ ಹಾಗೆ. ಅಡ್ಡಹೆಸರು ಸೇರಿಸಿ ನನ್ನ ಹೆಸರು ಹೇಳಿದ್ದೇ ತಡ, ಸೂಜಿ ಕೆಳಗಿಟ್ಟು, "ನಮ್ಮಣ್ಣನ ಸಿಟ್ಟು ಇಳಿಯಿತೇನಮ್ಮ?" ಅಂದರು.

ತಮ್ಮ ಎಂದೋ ಸತ್ತ ಅಂದಿದ್ದೆಯಲ್ಲ, ಅಜ್ಜಾ! ಕೇಳಿ ಹೇಳ್ತೀನಿ ಅಂತ ಬಂದುಬಿಟ್ಟೆ.

ನನ್ನ ಕೆಮ್ಮು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗವಿಲ್ಲ. ಬೇಗ ಉತ್ತರ ಬರಿ, ಇಬ್ಬರಿಗೂ ಎಂಬತ್ತು ದಾಟಿದೆ.

ನಿನ್ನ ಮೊಮ್ಮಗಳು