ಸೀಟಿನ ಜಾಗ

ಮಂಗಸೂಳಿ,
೯ ಮಾರ್ಚ್ ೨೦೨೫

ಪ್ರೀತಿಯ ಭರತ,

ಹೇಗಿದ್ದೀಯಪ್ಪ? ಇಚಲಕರಂಜಿಯ ವರ್ಕ್‌ಶಾಪಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ನಿನ್ನ ಗೆಳೆಯ ಗಂಗಾರಾಮನನ್ನು ಕಾಡಿ ವಿಳಾಸ ತೆಗೆದುಕೊಂಡೆ. ಇಂಗ್ಲಿಷ್ ಮೀಡಿಯಂ ವೈನಿಯ ಕನ್ನಡ ಓದಿ ನಗಬೇಡ. ಹೇಗೂ ಮಾವ ಓದದೆ ಒಂದು ಕಾಗದವೂ ಈ ಮನೆಯ ಹೊಸ್ತಿಲು ದಾಟುವುದಿಲ್ಲ, ನಿನಗೇ ಗೊತ್ತು.

ನಿಮ್ಮಣ್ಣ ಈಗ ದಿಂಬಿಗೆ ಒರಗಿ ಅರ್ಧ ತಾಸು ಕೂಡುತ್ತಾರೆ. ಗಡ್ಡ ನಾನೇ ಬೋಳಿಸುತ್ತೇನೆ, ಎಷ್ಟು ಚಂದ ಕಾಣುತ್ತಾರೆ ಗೊತ್ತಾ. ಸೊಂಟದ ಕೆಳಗೆ ಮಾತ್ರ ಏನೂ ತಿಳಿಯುವುದಿಲ್ಲ. ನಿನ್ನೆ ಬಿಸಿನೀರಿನ ಚೀಲ ಕಾಲ ಮೇಲಿಟ್ಟು ಮರೆತುಬಿಟ್ಟೆ. ಗುಳ್ಳೆ ಎದ್ದರೂ ಅವರು ಪೇಪರ್ ಓದುತ್ತಲೇ ಇದ್ದರು. ಇನ್ನು ನಡೆಯುವುದಿಲ್ಲ ಎಂದು ಮಿರಜದ ಡಾಕ್ಟರು ಹೇಳಿದ್ದಾರೆ. ಮದುವೆಯಾಗಿ ಇವತ್ತಿಗೆ ಆರು ತಿಂಗಳು. ಅತ್ತೆ ದಿನಾ ನಿನ್ನ ತಾಟು ಹಾಕುತ್ತಾರೆ, ಮಾವ ಎತ್ತಿ ಒಳಗಿಟ್ಟು ಅನ್ನುತ್ತಾರೆ, "ಅಂವನ ವೆಲ್ಡಿಂಗ ಬಿಟ್ಟು ವಿಮಾನ ಬಿದ್ದೈತಿ. ಅಂವನ ಹೆಸರ ಈ ಮನ್ಯಾಗ ತಗೀಬ್ಯಾಡ್ರಿ."

ನೀವಿಬ್ಬರೂ ಆ ಪುಟ್ಟ ವಿಮಾನ ಕಟ್ಟಲು ಇಂಗ್ಲಿಷ್ ನಕ್ಷೆ ತರಿಸಿದ ದಿನ ನೆನಪಿದೆಯಾ? ಓದಿ ಹೇಳುವವಳು ನಾನೊಬ್ಬಳೇ, ನನಗೆಷ್ಟು ಜಂಬ. ಈ ತುದಿಯಿಂದ ಆ ತುದಿಗೆ ಹತ್ತು ಮೀಟರ್, ಅಗಲ ೧.೪, ಗುಣಿಸಿದರೆ ರೆಕ್ಕೆ ಹದಿನಾಲ್ಕು ಚದರ ಮೀಟರ್. ಚದರಕ್ಕೆ ಇಪ್ಪತ್ತು ಕಿಲೋದಂತೆ ಇನ್ನೂರ ಎಂಬತ್ತು ಕಿಲೋ ಹೊರುತ್ತದೆ ಎಂದೆ. ನಡುವೆ ವಿಮಾನದ ಮೈ ಬಂದ ಜಾಗವನ್ನೂ ರೆಕ್ಕೆಯ ಲೆಕ್ಕಕ್ಕೇ ಹಿಡಿಯಬೇಕೆಂದು ನಕ್ಷೆಯಲ್ಲಿತ್ತು. ನೀನು ತಲೆ ಕೆರೆದುಕೊಂಡೆ. "ವೈನಿ, ಅಲ್ಲಿ ರೆಕ್ಕಿನ ಇಲ್ಲಲ್ಲ?" ಮಾವ ಪಡಸಾಲೆಯಿಂದಲೇ ಅಂದರು, "ಹೊಲದಾಗ ಬಾವಿ ಇದ್ದ ಜಾಗಾನೂ ಪಹಣಿ ಉತಾರದಾಗ ಬರತೈತಿಲ್ಲೋ, ಹುಚ್ಚಾ." ಎಲ್ಲರೂ ನಕ್ಕೆವು. ನಾನೇ ಜಾಸ್ತಿ.

ಕಬ್ಬು ಕಡಿದ ಹೊಲದಿಂದ ಅದು ಎದ್ದಾಗ ನಾನು ಕುಣಿದಿದ್ದೆ. ಓಡಿಸುತ್ತಿದ್ದವರು ನಿಮ್ಮಣ್ಣ, ಮೊದಲ ಸಲಕ್ಕೆ ಪಕ್ಕದ ನನ್ನ ಸೀಟಿನಲ್ಲಿ ನನ್ನ ತೂಕದ ಮರಳು. ಬೇವಿನ ಮರದೆತ್ತರ ಏರಿ, ಒಮ್ಮೆಲೆ ಕುಸಿಯಿತು. ಮರಳಿನ ಚೀಲ ಒಡೆದಿರಲಿಲ್ಲ.

ಅತ್ತೆ ನಿನಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ. ಮೈ ಕಡೆ ನೋಡಿಕೋ.

ನಿನ್ನ ವೈನಿ,
ಸಪನಾ

ತಾ.ಕ.: ಬೆಳಿಗ್ಗೆ ಅಳತೆ ಟೇಪು ಹಿಡಿದು, ಮುರಿದ ವಿಮಾನವಿರುವ ಶೆಡ್ಡಿಗೆ ಹೋಗಿದ್ದೆ. ನಿನ್ನ ವೆಲ್ಡಿಂಗ್ ಒಂದೂ ಬಿಟ್ಟಿಲ್ಲ. ಪೈಪು ನೆಲಕ್ಕೆ ಬಡಿದು ಬೇರೆ ಕಡೆ ಮುರಿದಿದೆ. ನಕ್ಷೆಯ ವಿಮಾನಕ್ಕೆ ನಡುವೆ ಎರಡಡಿಯ ಮುಚ್ಚಿದ ಮೈ ಇತ್ತು. ನಮ್ಮದಕ್ಕೆ ಬರೀ ಪೈಪು, ಮತ್ತು ನಿಮ್ಮಣ್ಣನೂ ನಾನೂ ಪಕ್ಕಪಕ್ಕ ಕೂಡಬೇಕೆಂದು ನಾನೇ ಹಟ ಹಿಡಿದು ಅಗಲ ಮಾಡಿಸಿದ ಒಂದೂವರೆ ಮೀಟರಿನ ಸೀಟು. ಅಲ್ಲಿ ಗಾಳಿ ತೂರಿಹೋಗುತ್ತದೆ. ಆ ಖಾಲಿ ಜಾಗವನ್ನೂ ನಾನು ರೆಕ್ಕೆ ಎಂದು ಎಣಿಸಿದೆ. ನಿಜಕ್ಕೂ ಇದ್ದದ್ದು ಹನ್ನೆರಡು ಚದರ ಮೀಟರೂ ಇಲ್ಲ, ಅದು ಹೊರುವುದು ಇನ್ನೂರ ಮೂವತ್ತೆಂಟು ಕಿಲೋ. ನಾವು ಹೇರಿದ್ದು ಇನ್ನೂರ ಎಪ್ಪತ್ತೈದು. ನೀನು ಕೇಳಿದ್ದೇ ಸರಿಯಿತ್ತು. ಮಾವನವರ ಎದುರು ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ಲಕೋಟೆ ಅಂಟಿಸದೆ, ಪೋಸ್ಟಿಗೆ ಹಾಕಿರಿ ಎಂದು ಅವರ ಕೈಗೇ ಕೊಡುತ್ತಿದ್ದೇನೆ.